ಚಕ್ರಕ್ಕೂ ಬ್ರೇಕಿಗೂ ಜಾತಕ ಕೂಡಿಸಿದ ಚೆನ್ನಯ ಬಂಗೇರರು

ಠಾಣೆಯಿಂದ ನವಿಮುಂಬಯಿಯವರೆಗೆ ಹಬ್ಬಿರುವ ಕಾರ್ಖಾನೆಗಳ ಸಾಲಿನಲ್ಲಿ ಎಂಜಿನ್ನು ಬಿಚ್ಚಿ ಕಟ್ಟಬಲ್ಲವರು ನೂರಾರು ಮಂದಿ ಸಿಗುತ್ತಾರೆ. ಗಾಡಿಗೆ ಬಣ್ಣ ಬಳಿದು ಮದುಮಗನಂತೆ ಹೊರಡಿಸಬಲ್ಲವರಿಗೂ ಇಲ್ಲಿ ಬರವಿಲ್ಲ. ಆದರೆ ಗಂಟೆಗೆ ಇನ್ನೂರು ಕಿಲೋಮೀಟರ್ ಓಡುವ ಗಾಡಿಯನ್ನು ಹಿಡಿದು ನಿಲ್ಲಿಸುವ ದೊಡ್ಡ ಬ್ರೇಕಿನ ಮೇಲೆ, ಅದಕ್ಕಿಂತ ಕೂದಲೆಳೆಯಷ್ಟೇ ದೊಡ್ಡದಾದ ಚಿಕ್ಕ ಚಕ್ರವನ್ನು ಎಲ್ಲಿಯೂ ತಾಗದಂತೆ ಕೂರಿಸಬಲ್ಲವರು ಯಾರು ಎಂದು ಕೇಳಿದರೆ, ಈ ಪಟ್ಟಿಯ ಯಾವ ಗ್ಯಾರೇಜಿನವರೂ ತಲೆ ಕೆರೆದುಕೊಳ್ಳದೆ ಹೇಳುವ ಹೆಸರು ಒಂದೇ. ಅದು ರಬಾಳೆಯ ಸಾಲಿಯಾನ್ ವ್ಹೀಲ್ ವರ್ಕ್ಸಿನಲ್ಲಿ ಮೂವತ್ತಾರು ವರ್ಷ ದುಡಿದು, ಕಳೆದ ತಿಂಗಳು ನಿವೃತ್ತರಾದ ಶ್ರೀ ಚೆನ್ನಯ ಬಂಗೇರರದು.

ಅವರ ವಿದ್ಯೆ ಎಂಥದೆಂದು ತಿಳಿಯದ ಓದುಗರಿಗಾಗಿ ಒಂದೆರಡು ಮಾತು. ವಾರದ ದಿನಗಳಲ್ಲಿ ಆಫೀಸು, ಹೋಟೆಲು ನಡೆಸಿ, ರಜೆಯ ದಿನ ರೇಸಿನ ಟ್ರ್ಯಾಕಿಗೆ ಹೋಗಿ ಸ್ಪೋರ್ಟ್ಸ್ ಕಾರು ಓಡಿಸುವ ಹವ್ಯಾಸಿಗಳು ನಮ್ಮ ನಡುವೆ ಈಗ ಬೇಕಾದಷ್ಟಿದ್ದಾರೆ. ಕಂಪನಿ ಕೊಟ್ಟ ಹದಿನೆಂಟು ಇಂಚಿನ ಚಕ್ರ ಅವರಿಗೆ ಭಾರ. ಹದಿನಾರು ಇಂಚಿನದಾದರೆ ಹಗುರ. ಅದರ ಮೇಲೆ ದಪ್ಪ ಕೆನ್ನೆಯ ಟೈರು ಕೂರುತ್ತದೆ, ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳುತ್ತದೆ. ಚಕ್ರ ಚಿಕ್ಕದಾದರೂ ಬ್ರೇಕು ಮಾತ್ರ ದೊಡ್ಡದೇ ಇರಬೇಕು, ಇಲ್ಲವಾದರೆ ಗಾಡಿ ನಿಲ್ಲುವುದಿಲ್ಲ. ಆ ದೊಡ್ಡ ಬ್ರೇಕಿನ ಡಿಸ್ಕನ್ನು ಎರಡೂ ಬದಿಯಿಂದ ಮುಷ್ಟಿಯಂತೆ ಹಿಡಿಯುವ ಕ್ಯಾಲಿಪರ್ ಎಂಬ ಭಾಗಕ್ಕೂ, ತಿರುಗುತ್ತಿರುವ ಚಕ್ರದ ಸ್ಪೋಕಿಗೂ ನಡುವೆ ಎಷ್ಟು ಸಂದು ಉಳಿಯುತ್ತದೆ ಎಂಬುದರಲ್ಲಿ ಒಬ್ಬ ಮನುಷ್ಯನ ಪ್ರಾಣವಿರುತ್ತದೆ. ಮೂರು ಮಿಲಿಮೀಟರಿಗಿಂತ ಕಡಿಮೆ ಸಂದಿದ್ದರೆ ಬಂಗೇರರು ಗಾಡಿಯನ್ನು ಗೇಟು ದಾಟಲು ಬಿಡುತ್ತಿರಲಿಲ್ಲ.

ಈ ಲೇಖನವನ್ನು ಬರೆಯುತ್ತಿರುವವಳು ಅವರ ಶಿಷ್ಯೆ ಪೂಜಿತಾ. ಆದರೂ ಇದರಲ್ಲಿ ‘ನಾನು’ ಎಂಬ ಪದ ಬರುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಅವಳು ಒಂದು ಜಾಬ್ ಕಾರ್ಡಿನಲ್ಲಿ “ನಾನೇ ಬಿಗಿ ಮಾಡಿದ್ದೇನೆ” ಎಂದು ಬರೆದಾಗ ಬಂಗೇರರು ಅದನ್ನು ಮೂಗಿನ ಹತ್ತಿರ ಹಿಡಿದು ಓದಿ, “ಇಲ್ಲಿ ಹನ್ನೊಂದು ಜನ ಉಂಟು ಮಾರಾಯ್ತಿ, ಎಲ್ಲರೂ ‘ನಾನೇ’. ಯಾವ ನಾನು? ಹೆಸರು ಬರಿ” ಎಂದಿದ್ದರು. ಗುರುಗಳ ಅಪ್ಪಣೆಯನ್ನು ಅವರ ಅಭಿನಂದನ ಗ್ರಂಥದಲ್ಲಿಯೇ ಮೀರುವುದು ಚೆನ್ನಲ್ಲವೆಂದು, ಪೂಜಿತಾ ಇಲ್ಲಿಯೂ ಹೆಸರನ್ನೇ ಬರೆದಿದ್ದಾಳೆ.

ಬಂಗೇರರು ಹದಿನೇಳನೆಯ ವಯಸ್ಸಿನಲ್ಲಿ ಉಡುಪಿಯ ಕಡೆಯಿಂದ ಬಂದು ಠಾಣೆಯ ಕೋಪರಿಯಲ್ಲಿ ಸೋದರಮಾವನ ಕೋಣೆ ಸೇರಿದರು. ಮಾವ ಅವರನ್ನು ತಮ್ಮ ಹೋಟೆಲಿನ ಗಲ್ಲಾದ ಮೇಲೆ ಕೂರಿಸಿದರು. ಕೂರಿಸಿದರೇ ಹೊರತು ಅವರು ಕುಳಿತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಎದ್ದು ಪಕ್ಕದ ಟೈರಿನ ಅಂಗಡಿಯ ಮುಂದೆ ನಿಂತು, ಚಕ್ರ ಬಿಚ್ಚುವುದನ್ನು ನೋಡುತ್ತಿದ್ದರು. ಅತ್ತ ಗಿರಾಕಿಗಳು ಬಿಲ್ಲು ಹಿಡಿದು ಕಾಯುತ್ತಿದ್ದರು. ನಾಲ್ಕನೆಯ ತಿಂಗಳಿಗೆ ಮಾವನೇ ಬೇಸತ್ತು ಅವರ ಕೈ ಹಿಡಿದು ಟೈರಿನ ಅಂಗಡಿಗೆ ಕರೆದೊಯ್ದು, “ಇವನನ್ನು ನೀವೇ ಇಟ್ಟುಕೊಳ್ಳಿ” ಎಂದರಂತೆ. ಅಲ್ಲಿ ಆರು ವರ್ಷ ಕಲಿತು, ಬಳಿಕ ರಬಾಳೆಗೆ ಬಂದರು. ಅಂದಿನಿಂದ ನಿವೃತ್ತಿಯ ದಿನದವರೆಗೆ ಡೊಂಬಿವಲಿಯ ಮನೆಯಿಂದ ಎರಡು ರೈಲು ಬದಲಿಸಿ ಕೆಲಸಕ್ಕೆ ಬಂದ ಅವರು, ಬೋಗಿ ಖಾಲಿಯಿದ್ದರೂ ಸೀಟಿನಲ್ಲಿ ಕುಳಿತದ್ದನ್ನು ಕಂಡವರಿಲ್ಲ. ಬಾಗಿಲ ಬಳಿ ಕಂಬ ಹಿಡಿದು ನಿಂತು, ಮುಂದಿನ ಸ್ಟೇಷನ್ನು ಇನ್ನೂ ಯಾಕೆ ಬರಲಿಲ್ಲ ಎಂದು ಇಣುಕುತ್ತಿದ್ದರು. ಈ ಸಮಾರಂಭದಲ್ಲಿ ಹಾರ ಹಾಕಿಸಿಕೊಂಡು ಎರಡು ಗಂಟೆ ಕುರ್ಚಿಯಲ್ಲಿ ಕೂರಬೇಕಾಗಿ ಬಂದಿರುವುದು ಅವರಿಗೆ ಸನ್ಮಾನವೋ ಶಿಕ್ಷೆಯೋ ಎಂಬ ಅನುಮಾನ ಶಿಷ್ಯೆಗೆ ಇದ್ದೇ ಇದೆ.

ಅವರ ಕೆಲಸದ ಕ್ರಮವನ್ನು ಹೇಳದೆ ಅವರನ್ನು ಹೊಗಳುವುದು ಬರಿಯ ಉಪಚಾರದ ಮಾತಾದೀತು. ಹೊಸ ಗಾಡಿ ಬಂದಾಗ ಅವರು ಮೊದಲು ಮಾಡುತ್ತಿದ್ದುದು ಹಳೆಯ ಕ್ಯಾಲೆಂಡರಿನ ರಟ್ಟನ್ನು ಕತ್ತರಿಸಿ, ಕ್ಯಾಲಿಪರಿನ ಆಕಾರವನ್ನು ಅದಕ್ಕೆ ಇಳಿಸಿಕೊಳ್ಳುವುದು. ಆ ರಟ್ಟನ್ನು ಚಕ್ರದ ಒಳಗಿಟ್ಟು ಒಂದು ಸುತ್ತು ತಿರುಗಿಸಿದರೆ, ಮದುವೆ ಆಗುವಂಥದೋ ಅಲ್ಲವೋ ಎಂಬುದು ಮೇಲ್ನೋಟಕ್ಕೆ ತಿಳಿಯುತ್ತಿತ್ತು. ಅದಕ್ಕೇ ಕಾರ್ಖಾನೆಯಲ್ಲಿ ಎಲ್ಲರೂ ಆ ರಟ್ಟುಗಳನ್ನು ‘ಜಾತಕ’ ಎನ್ನುತ್ತಿದ್ದರು. ಲೇಥಿನ ಮೇಲೆ ದುಡಿಯುವ ಕಲಬುರಗಿಯ ರೇವಣಸಿದ್ದ ಬೆಳಗ್ಗೆ ಬಂದವನೇ, “ಏನ್ರೀ ಬಂಗೇರಣ್ಣ, ಜಾತಕ ಕೂಡ್ತೇನ್ರಿ? ಇಲ್ಲಾ ಹುಡುಗಿ ಕಡ್ಯಾಗ ಮಂಗಳ ದೋಷ ಐತೇನು?” ಎಂದು ಕೇಳದೆ ಚಹಾ ಕುಡಿಯುತ್ತಿರಲಿಲ್ಲ.

ರಟ್ಟು ಒಪ್ಪಿದ ಮೇಲೆ ಎರಡನೆಯ ಪರೀಕ್ಷೆ. ಅವರ ಬುತ್ತಿಯಲ್ಲಿ ಚಪಾತಿಗಳ ಜೊತೆ ದಿನವೂ ಒಂದು ಹಸಿ ಹಿಟ್ಟಿನ ಉಂಡೆ ಇರುತ್ತಿತ್ತು. ಅವರ ಧರ್ಮಪತ್ನಿ ನಳಿನಾಕ್ಷಿಯಮ್ಮನವರು ಮೂವತ್ತು ವರ್ಷ ತಪ್ಪದೆ ಅದನ್ನು ಕಟ್ಟಿಕೊಟ್ಟಿದ್ದಾರೆ. ಬಂಗೇರರು ಆ ಹಿಟ್ಟನ್ನು ಚಿಟಿಕೆ ಚಿಟಿಕೆಯಾಗಿ ಕ್ಯಾಲಿಪರಿನ ಮೇಲೆ ಅಂಟಿಸಿ, ಚಕ್ರ ಹಾಕಿ, ಒಮ್ಮೆ ತಿರುಗಿಸಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ಹಿಟ್ಟಿನ ದಪ್ಪವನ್ನು ಅಳೆಯುತ್ತಿದ್ದರು. ಅಳತೆಯನ್ನು ರಟ್ಟಿನ ಮೇಲೆ ಬರೆದು, ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಅದರ ಮೇಲೆ ಅಳೆದವರ ಹೆಸರು ಬರೆದು ಕಪಾಟಿನಲ್ಲಿಡುತ್ತಿದ್ದರು. ಲೇಸರಿನ ಯಂತ್ರ ಬಂದ ಮೇಲೂ ಹಿಟ್ಟು ನಿಲ್ಲಲಿಲ್ಲ. ಸಂದು ಸಾಲದಿದ್ದಾಗ ಕ್ಯಾಲಿಪರನ್ನು ಸ್ವಲ್ಪ ಉಜ್ಜಿಬಿಡಿ ಎಂದ ಗಿರಾಕಿಗಳನ್ನು ಅವರು ನೋಡಿದ ನೋಟಕ್ಕೆ, ಎರಡನೆಯ ಸಲ ಹಾಗೆ ಕೇಳಿದವರು ಯಾರೂ ಇಲ್ಲ.

ಪೂಜಿತಾ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು; ಡಿಪ್ಲೊಮಾ ಮುಗಿಸಿ ಕಾರ್ಖಾನೆಗೆ ಸೇರಿದಾಗ ಅಲ್ಲಿ ಹೆಂಗಸರಿಗೆ ಕೈಕಾಲು ತೊಳೆಯುವುದಕ್ಕೂ ಒಂದು ಜಾಗವಿರಲಿಲ್ಲ. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ನೀರು ಕುಡಿಯುವುದನ್ನು ಬಿಟ್ಟು ಮೂರು ದಿನ ತಳ್ಳಿದ್ದಳು. ನಾಲ್ಕನೆಯ ದಿನ ಬಂಗೇರರು ಮಾಲೀಕರನ್ನು ಕೇಳದೆ ಹಳೆ ಟೈರುಗಳ ಕೋಣೆಯನ್ನು ಖಾಲಿ ಮಾಡಿಸಿ, ರೇವಣಸಿದ್ದನ ಜೊತೆ ತಾವೇ ಇಟ್ಟಿಗೆ ಹೊತ್ತು, ಎರಡು ದಿನದಲ್ಲಿ ನಲ್ಲಿ, ಬಾಗಿಲು, ಚಿಲಕ ಎಲ್ಲವನ್ನೂ ಆಗುಮಾಡಿದರು. ಬೀಗದ ಕೈಯನ್ನು ಅವಳ ಮೇಜಿನ ಮೇಲಿಟ್ಟು ಹೋದರು.

ಇಷ್ಟನ್ನು ಬರೆದು, ಶುಭ ಕೋರಿ ಮುಗಿಸಿದ್ದರೆ ಸಂಪಾದಕ ಮಂಡಳಿಗೆ ಸಂತೋಷವಾಗುತ್ತಿತ್ತು. ಆದರೆ ಮೂರು ವರ್ಷಗಳ ಹಿಂದಿನ ಒಂದು ಶನಿವಾರವನ್ನು ಬಿಟ್ಟು ಬಂಗೇರರ ಬಗ್ಗೆ ಬರೆಯಲು ಪೂಜಿತಾಳಿಗೆ ಸಾಧ್ಯವಿಲ್ಲ. ಅಂದಿನಿಂದ ಅವಳ ಮನಸ್ಸು ಒಂದು ಕಡೆ ನಿಂತಿಲ್ಲ.

ಐರೋಲಿಯ ಹಿತೇಶ್ ಎಂಬ ಯುವಕ ಹೊರದೇಶದಿಂದ ತರಿಸಿದ್ದ ಎರಡು ಸೀಟಿನ ಗಾಡಿಗೆ ಹದಿನಾರು ಇಂಚಿನ ಚಕ್ರ ಹಾಕುವ ಕೆಲಸ ಅದು. ಘಾಟಿನಾಚೆಯ ಖಾಸಗಿ ಟ್ರ್ಯಾಕಿನಲ್ಲಿ ಭಾನುವಾರ ಬೆಳಗ್ಗೆ ಅವನಿಗೆ ಸಮಯ ನಿಗದಿಯಾಗಿತ್ತು. ಶುಕ್ರವಾರ ಸಂಜೆ ಬಂಗೇರರು ಜಾತಕ ನೋಡಿದರು, ಹಿಟ್ಟು ಅಂಟಿಸಿದರು, ಅಳೆದರು. ಸ್ಪೋಕಿಗೂ ಕ್ಯಾಲಿಪರಿಗೂ ನಡುವೆ ಐದು ಮಿಲಿಮೀಟರ್. ಪೂಜಿತಾಳೇ ಸ್ಕೇಲು ಹಿಡಿದು ಓದಿದಳು. ರಟ್ಟಿನ ಮೇಲೆ ಅವರ ಹೆಸರು ಬಿತ್ತು. ಮರುದಿನ ಸಂಕಷ್ಟಿ, ಪ್ರತಿ ಸಂಕಷ್ಟಿಗೆ ಅವರು ರಜೆ ಹಾಕಿ ಹೆಂಡತಿಯೊಂದಿಗೆ ಟಿಟ್ವಾಳಾದ ಗಣಪತಿಗೆ ಹೋಗುವುದು ವಾಡಿಕೆ.

ಶನಿವಾರ ಮಧ್ಯಾಹ್ನ ಗಾಡಿ ಒಯ್ಯಲು ಬಂದ ಹಿತೇಶನ ಕೈಯಲ್ಲಿ, ಕ್ಯಾಲಿಪರಿನೊಳಗೆ ಕುಳಿತು ಡಿಸ್ಕನ್ನು ಒತ್ತುವ ಬ್ರೇಕ್ ಪ್ಯಾಡುಗಳ ಹೊಸ ಡಬ್ಬಿಯಿತ್ತು. “ಟ್ರ್ಯಾಕಿಗೆ ಹಳೆ ಪ್ಯಾಡ್ ಯಾಕೆ ಯಾರ್, ಅದು ಪೂರಾ ಘಿಸ್ ಗಯಾ, ಸವೆದೇ ಹೋಗಿದೆ. ಇದನ್ನು ಹಾಕಿ ಕೊಡು, ಜಲ್ದಿ” ಎಂದ. ಪೂಜಿತಾ ಹಾಕಿದಳು. ಈ ಬಗೆಯ ಕ್ಯಾಲಿಪರು ಒಂದೇ ಕಡೆ ಗಟ್ಟಿಯಾಗಿ ನಿಲ್ಲುವಂಥದಲ್ಲ, ಜಾರುವಂಥದು. ಪ್ಯಾಡು ಸವೆದಷ್ಟೂ ಅದು ಒಳಗೆ ಸರಿಯುತ್ತದೆ. ದಪ್ಪ ಪ್ಯಾಡು ಹಾಕಿದರೆ ಮತ್ತೆ ಹೊರಗೆ, ಸ್ಪೋಕಿನ ಕಡೆಗೆ ಬರುತ್ತದೆ. ಬಂಗೇರರು ಅಳೆದದ್ದು ಸವೆದ ಪ್ಯಾಡಿನ ಮೇಲೆ. ಐದು ಮಿಲಿಮೀಟರಿನ ಸಂದು ಈಗ ಒಂದಕ್ಕೆ ಇಳಿದಿತ್ತು.

ಚಕ್ರ ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗುತ್ತಿತ್ತು, ಸದ್ದಿಲ್ಲ, ಉಜ್ಜಾಟವಿಲ್ಲ. ಮೋಸವಿದ್ದದ್ದು ಅಲ್ಲಿಯೇ. ಟ್ರ್ಯಾಕಿನಲ್ಲಿ ಬ್ರೇಕು ಕಾದು ಕೆಂಪಾಗಿ, ತಿರುವಿನಲ್ಲಿ ಗಾಡಿಯ ಭಾರವೆಲ್ಲ ಒಂದೇ ಚಕ್ರದ ಮೇಲೆ ಬಿದ್ದು ಸ್ಪೋಕು ಬಾಗಿದಾಗ, ಆ ಒಂದು ಮಿಲಿಮೀಟರು ಉಳಿಯುವುದಿಲ್ಲ. ಲೋಹಕ್ಕೆ ಲೋಹ ತಗುಲಿದರೆ ಮುಂದಿನದು ಓಡಿಸುವವನ ಕೈಯಲ್ಲಿರುವುದಿಲ್ಲ. ಹಿತೇಶ್ ಒಂದೂವರೆಗೆ ಗಾಡಿ ತೆಗೆದುಕೊಂಡು ಹೋದ.

ರಜೆ ಹಾಕಿದ ದಿನ ಗಂಟೆಗೊಮ್ಮೆ ಕಾರ್ಖಾನೆಗೆ ಫೋನು ಮಾಡುವುದು ಬಂಗೇರರ ಇನ್ನೊಂದು ವಾಡಿಕೆ. ಎರಡು ಗಂಟೆಯ ಫೋನನ್ನು ರೇವಣಸಿದ್ದ ಎತ್ತಿದ. “ಎಲ್ಲಾ ಆರಾಮ್ ಅದ ರೀ. ಹಿತೇಶನ ಗಾಡಿ ಹೋತು. ಹೊಸಾ ಪ್ಯಾಡ್ ತಂದಿದ್ದ, ಪೂಜಿತಾ ಹಾಕಿ ಕಳಿಸ್ಯಾಳ” ಎಂದ. ದೇವಸ್ಥಾನದಿಂದ ಹೊರಬಂದು, ಪ್ರಸಾದದ ಪೊಟ್ಟಣ ಹಿಡಿದು ಚಪ್ಪಲಿಗೆ ಚೀಟಿ ಹುಡುಕುತ್ತಿದ್ದ ಬಂಗೇರರು, ಚಪ್ಪಲಿಯನ್ನು ಅಲ್ಲೇ ಬಿಟ್ಟು ಸ್ಟೇಷನ್ನಿನ ರಿಕ್ಷಾ ಹತ್ತಿದರು. ನಳಿನಾಕ್ಷಿಯಮ್ಮನವರು ಹಿಂದಿನಿಂದ ಓಡಿ ಬಂದು ಹತ್ತಿಕೊಂಡರು.

ಮರುಕ್ಷಣ ಪೂಜಿತಾಳ ಫೋನು ಹೊಡೆದುಕೊಂಡಿತು. “ಹಳೆ ಪ್ಯಾಡಿನ ಮೇಲೆ ಅಳೆದದ್ದು ಅದು. ನನಗೆ ಹೊಳೀಲೇ ಇಲ್ಲ. ಹಿತೇಶ ಫೋನ್ ತೆಗೀತಾ ಇಲ್ಲ. ನೀನು ಐರೋಲಿಗೆ ಓಡು, ಗಾಡಿಯನ್ನು ಹೊರಡ್ಲಿಕ್ಕೆ ಬಿಡ್ಬೇಡ. ನಾನು ಬರ್ತಾ ಇದ್ದೇನೆ” ಎಂದವರೇ ಇಟ್ಟುಬಿಟ್ಟರು.

ಟಿಟ್ವಾಳಾದಿಂದ ಐರೋಲಿಗೆ ಬರುವುದೆಂದರೆ ಏನೆಂದು ಈ ಭಾಗದ ಓದುಗರಿಗೆ ಹೇಳಬೇಕಾಗಿಲ್ಲ. ಸಿಕ್ಕಿದ್ದು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಲೋಕಲ್ಲು. ಕಲ್ಯಾಣದ ಹೊರಗೆ ಸಿಗ್ನಲ್ಲಿಗೆ ನಿಂತದ್ದು ಹನ್ನೊಂದು ನಿಮಿಷ. ಬಂಗೇರರು ಬಾಗಿಲಲ್ಲಿ ನಿಂತು ಕಂಬವನ್ನು ತಟ್ಟುತ್ತಿದ್ದರಂತೆ, ಹಾಗೆ ತಟ್ಟಿದರೆ ರೈಲು ಹೊರಡುತ್ತದೆಯೇನೋ ಎಂಬಂತೆ. “ಒಂದೇ ಮಾತು ಹೇಳ್ತಾ ಇದ್ರು ಇವ್ರು,” ಎನ್ನುತ್ತಾರೆ ನಳಿನಾಕ್ಷಿಯಮ್ಮ, “ಪ್ಯಾಡ್ ಎಷ್ಟು ದಪ್ಪ ಅಂತ ರಟ್ಟಿನಲ್ಲಿ ಬರೀಲಿಲ್ಲ, ಬರೀಲಿಲ್ಲ ಅಂತ. ಜನ ಎಲ್ಲ ನೋಡ್ತಾ ಇದ್ರು. ನನಗೆ ಅಳು ಬಂತು.” ಅವರು ಡೊಂಬಿವಲಿಯಲ್ಲಿ ಇಳಿದರು. ಬಂಗೇರರು ಠಾಣೆಯಲ್ಲಿ ಸೇತುವೆ ಹತ್ತಿಳಿದು ವಾಶಿ ಕಡೆಯ ಗಾಡಿ ಹಿಡಿದರು.

ಇತ್ತ ಪೂಜಿತಾ ಐರೋಲಿಯ ಸೊಸೈಟಿಯ ಗೇಟಿಗೆ ಬಂದಾಗ, ಹಿತೇಶನ ಗಾಡಿಯನ್ನು ಸಾಗಿಸುವ ಟ್ರೇಲರು ಆಗಲೇ ಬಂದು ಹಲಗೆ ಇಳಿಸಿತ್ತು. ಅವಳು ವಿಷಯ ಹೇಳಿದಳು. ಅವನು ಬಗ್ಗಿ, ಜಾಕ್ ಕೊಟ್ಟು, ಮುಂದಿನ ಎಡಚಕ್ರವನ್ನು ಒಮ್ಮೆ ಗಿರ್ರನೆ ತಿರುಗಿಸಿದ.

“ನೋಡು, ಫ್ರೀ ಉಂಟಲ್ಲ? ಎಲ್ಲಿ ತಾಗ್ತದೆ? ಚೆನ್ನಯಣ್ಣ ಪಾಸ್ ಮಾಡಿದ್ದು. ನೀನು ಸುಮ್ಮನೆ ಖಾಲಿ ಪೀಲಿ ಟೆನ್ಶನ್ ತಗೊಳ್ತಿ.”

“ಸರ್ ಬರ್ತಾ ಇದ್ದಾರೆ. ಅವರು ಬರೋ ತನಕ ನಿಲ್ಲಿಸಿ.”

“ನಾಲ್ಕಕ್ಕೆ ಹೊರಡ್ಬೇಕು. ಘಾಟ್ ಜಾಮ್ ಆದ್ರೆ ನೀನು ಬಂದು ಬಿಡಿಸ್ತೀಯಾ?”

ಆಗ ಅವಳ ಬಳಿ ಅವನನ್ನು ನಿಲ್ಲಿಸಬಲ್ಲ ಒಂದು ಮಾತಿತ್ತು. ಆ ಮಾತನ್ನು ಅವಳು ಆಡಲಿಲ್ಲ. ಅದರ ಬದಲು ಜೇಬಿನಲ್ಲಿ ಮರೆತು ಉಳಿದಿದ್ದ ಒಂದು ಚಿಕ್ಕ ಸಾಕೆಟ್ಟನ್ನು ಹಿಡಿದು ತೋರಿಸಿದಳು. ಕಳ್ಳರ ಕಾಟಕ್ಕೆಂದು ಪ್ರತಿ ಚಕ್ರಕ್ಕೂ ಒಂದು ಬೀಗದ ನಟ್ಟು ಇರುತ್ತದೆ, ಅದನ್ನು ಬಿಚ್ಚುವ ಕೀಲಿ ಇದು. ಇದಿಲ್ಲದೆ ಟ್ರ್ಯಾಕಿನಲ್ಲಿ ಟೈರು ಬದಲಿಸಲಾಗದು. “ಸರ್ ಬಂದ ಮೇಲೆ ಕೊಡ್ತೇನೆ” ಎಂದಳು. ಹಿತೇಶ್ ಹಿಂದಿಯಲ್ಲಿ ಏನೇನೋ ಅಂದ. ಅವಳು ಸಾಕೆಟ್ಟನ್ನು ಮುಷ್ಟಿಯಲ್ಲಿ ಹಿಡಿದು ಟ್ರೇಲರಿನ ಹಲಗೆಯ ಮೇಲೆ ಕುಳಿತುಬಿಟ್ಟಳು. ವಾಚ್‌ಮನ್ನು ನೋಡುತ್ತಿದ್ದ, ಬಾಲ್ಕನಿಗಳಲ್ಲಿ ಜನ ನೋಡುತ್ತಿದ್ದರು, ಟ್ರೇಲರಿನ ಚಾಲಕ ಗಡಿಯಾರ ನೋಡುತ್ತಿದ್ದ.

ನಾಲ್ಕಕ್ಕೆ ಐದು ನಿಮಿಷವಿರುವಾಗ, ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ, ಒಂದು ಕಾಲು ಎತ್ತಿ ಒಂದು ಕಾಲು ಇಡುತ್ತ ಬಂಗೇರರು ಬಂದರು. ಹಣೆಯಲ್ಲಿ ಸಿಂಧೂರ ಬೆವರಿಗೆ ಇಳಿದು ಮೂಗಿನವರೆಗೆ ಬಂದಿತ್ತು. ಅವಳ ಕೈಯಿಂದ ಸಾಕೆಟ್ಟು ತೆಗೆದುಕೊಂಡು ಚಕ್ರ ಬಿಚ್ಚಿದರು. ಬಳಿಕ ಹಿಟ್ಟಿಗಾಗಿ ಚೀಲಕ್ಕೆ ಕೈ ಹಾಕಿ ನಿಂತುಬಿಟ್ಟರು. ಸಂಕಷ್ಟಿಯ ಉಪವಾಸ, ಬುತ್ತಿಯೇ ಇರಲಿಲ್ಲ.

ಇದ್ದದ್ದು ಟಿಟ್ವಾಳಾದ ಪೇಡೆ. ಒಂದು ಗಳಿಗೆ ಪೊಟ್ಟಣವನ್ನು ನೋಡಿದರು. “ಗಣಪತಿ ಏನೂ ತಿಳ್ಕೊಳ್ಳುದಿಲ್ಲ” ಎಂದು ತಮಗೆ ತಾವೇ ಹೇಳಿಕೊಂಡು, ಒಂದು ಪೇಡೆಯನ್ನು ಬೆರಳಲ್ಲಿ ನಾದಿ, ಕ್ಯಾಲಿಪರಿನ ಮೈಮೇಲೆ ಅಂಟಿಸಿದರು. ಚಕ್ರ ಹಾಕಿ, ನಟ್ಟು ಬಿಗಿದು, ಹಿತೇಶನ ಕೈಯನ್ನೇ ಹಿಡಿದು ಚಕ್ರದ ಮೇಲಿಟ್ಟು, “ತಿರುಗಿಸು” ಎಂದರು. ತಿರುಗಿತು. ಬಿಚ್ಚಿದಾಗ ಪೇಡೆ ಇದ್ದ ಜಾಗದಲ್ಲಿ ಹಾಲಿನ ಕೆನೆಯಷ್ಟು ತೆಳ್ಳಗಿನ ಪದರ ಮಾತ್ರ ಉಳಿದಿತ್ತು. ಮಿಕ್ಕದ್ದೆಲ್ಲ ಐದೂ ಸ್ಪೋಕಿಗೆ ಮೆತ್ತಿತ್ತು.

“ಇದು ತಣ್ಣಗೆ ನಿಂತಿರುವಾಗ,” ಎಂದರು ಬಂಗೇರರು. “ನಾಳೆ ನೀನು ನೂರೈವತ್ತರಲ್ಲಿ ತಿರುಗಿಸುವಾಗ ಎಷ್ಟು ಉಳೀತದೆ, ನೀನೇ ಹೇಳು. ತಪ್ಪು ನನ್ನದು ಮಗಾ. ನಾನು ಹಳೆ ಪ್ಯಾಡಿಗೆ ಅಳೆದು ಕಳಿಸಿದ್ದು.”

ಹಿತೇಶ್ ಆ ಪದರವನ್ನು ಉಗುರಿನಿಂದ ಮುಟ್ಟಿ ನೋಡಿದ. ಬೇಸ್‌ಮೆಂಟಿನಲ್ಲಿದ್ದ ಹಳೆಯ ಹದಿನೆಂಟು ಇಂಚಿನ ಚಕ್ರಗಳನ್ನು ತಾನೇ ಉರುಳಿಸಿಕೊಂಡು ಬಂದ. ಮೂವರೂ ಸೇರಿ ನಾಲ್ಕನ್ನೂ ಹಾಕಿ ಮುಗಿಸಿದಾಗ ಐದೂಕಾಲು. ಟ್ರೇಲರು ಹೊರಟ ಮೇಲೆ ಬಂಗೇರರು ಉಳಿದ ಪೇಡೆಗಳನ್ನು ವಾಚ್‌ಮನ್ನಿಗೆ ಕೊಟ್ಟು, ಅವನ ಹಳೆಯ ಚಪ್ಪಲಿಯನ್ನು ಕೇಳಿ ಹಾಕಿಕೊಂಡರು. ಮುಂದಿನ ವಾರ ರೇವಣಸಿದ್ದ ಚಕ್ರವನ್ನು ಹೊರಗೆ ಸರಿಸಿ ಕೂರಿಸುವ ಐದು ಮಿಲಿಮೀಟರಿನ ಸ್ಪೇಸರ್ ಬಿಲ್ಲೆಗಳನ್ನು ಲೇಥಿನಲ್ಲಿ ಕಡೆದ. ಉದ್ದದ ಬೋಲ್ಟು ಹಾಕಿ, ಹೊಸ ಪ್ಯಾಡಿನ ಮೇಲೆ ಮತ್ತೆ ಅಳೆದು, ಆರು ಮಿಲಿಮೀಟರು ಸಂದು ಬಂದ ಮೇಲೆಯೇ ಆ ಗಾಡಿಗೆ ಚಿಕ್ಕ ಚಕ್ರಗಳು ಕೂತವು. ಹಿತೇಶ್ ಅವುಗಳ ಮೇಲೆಯೇ ಇಂದಿಗೂ ಓಡಿಸುತ್ತಿದ್ದಾನೆ, ಈ ಸಭೆಯ ಎರಡನೆಯ ಸಾಲಿನಲ್ಲಿ ಕುಳಿತಿರುತ್ತಾನೆ.

ಅಂದು ಸಂಜೆ ಗುರುಶಿಷ್ಯರು ಒಂದೇ ರೈಲಿನಲ್ಲಿ ಮರಳಿದರು. ಠಾಣೆ ದಾಟಿದ ಮೇಲೆ, ಬಾಗಿಲ ಬಳಿ ನಿಂತಿದ್ದ ಬಂಗೇರರು ಹೊರಗೆ ನೋಡುತ್ತಲೇ ಕೇಳಿದರು: “ಚಕ್ರ ಹಾಕುವಾಗ ನಿನಗೆ ಸಂದು ಕಂಡಿತಾ?”

“ಇಲ್ಲ ಸರ್” ಎಂದಳು ಪೂಜಿತಾ.

“ಆಯ್ತು” ಎಂದರು ಅವರು.

ಸೋಮವಾರ ಮಾಲೀಕರಾದ ಕುಶಲ ಸಾಲಿಯಾನರು ಎಲ್ಲರನ್ನೂ ಕರೆದು ವಿಚಾರಿಸಿದರು. ಗಾಡಿಯನ್ನು ಕೊನೆಯದಾಗಿ ಮುಟ್ಟಿದವಳು ಪೂಜಿತಾ, ಜಾಬ್ ಕಾರ್ಡಿನಲ್ಲಿ ಕೊನೆಯ ಹೆಸರು ಅವಳದು. ಆದ್ದರಿಂದ ಅವಳನ್ನು ಕೆಲಸದಿಂದ ಬಿಡಿಸಿಬಿಡುವುದೇ ಸರಿ ಎಂದು ಅವರು ಆಗಲೇ ನಿಶ್ಚಯಿಸಿದ್ದರು. ಮೂವತ್ತಮೂರು ವರ್ಷಗಳಲ್ಲಿ ಎದುರಾಡದಿದ್ದ ಬಂಗೇರರು ಅಂದು ಎದುರಾಡಿದರು. “ಜಾತಕ ನೋಡಿದವ ನಾನು. ಮದುವೆ ಕೆಟ್ಟರೆ ಊಟ ಬಡಿಸಿದವರನ್ನು ಬೈಯುದಾ ಧಣೀ? ಬಿಡಿಸುದಾದ್ರೆ ನನ್ನನ್ನು ಬಿಡಿಸಿ” ಎಂದರು. ಅಲ್ಲಿಯೇ ಹಿತೇಶನ ಗಾಡಿಯ ರಟ್ಟನ್ನು ತರಿಸಿ, ಎಲ್ಲರ ಎದುರು ಅದರ ಮೇಲೆ ಏನೋ ಬರೆದು, ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಪೂಜಿತಾಳ ಕೆಲಸ ಉಳಿಯಿತು. ಅವಳು ತಲೆ ತಗ್ಗಿಸಿ ನಿಂತಿದ್ದಳು. ಎಲ್ಲರೂ ಅದನ್ನು ಕೃತಜ್ಞತೆ ಎಂದುಕೊಂಡರು.

ಕೃತಜ್ಞತೆಯೂ ಇತ್ತು. ಆದರೆ ಅವಳ ತಲೆ ತಗ್ಗಿದ್ದು ನಾಚಿಕೆಯಿಂದ. ಶನಿವಾರ ಹೊಸ ಪ್ಯಾಡು ಹಾಕಿ ಚಕ್ರ ಏರಿಸಿದಾಗ ಸ್ಪೋಕಿನ ಸಂದಿಯಲ್ಲಿ ಅವಳ ಕಣ್ಣಿಗೆ ಏನೋ ಸರಿಯಿಲ್ಲವೆನಿಸಿತ್ತು. ತನ್ನ ವಿಸಿಟಿಂಗ್ ಕಾರ್ಡನ್ನು ಅಲ್ಲಿ ತೂರಿಸಿ ನೋಡಿದ್ದಳು. ಒಂದು ಕಾರ್ಡು ಹೋಯಿತು, ಮಡಚಿ ಎರಡು ಪಟ್ಟು ಮಾಡಿದರೂ ಹೋಯಿತು, ನಾಲ್ಕು ಪಟ್ಟು ಹೋಗಲಿಲ್ಲ. ಹಿಂದಿನ ಸಂಜೆ ಅದೇ ಸಂದನ್ನು ಐದು ಮಿಲಿಮೀಟರ್ ಎಂದು ಓದಿದವಳು ಅವಳೇ. ಹಿತೇಶ್ ಅವಸರ ಮಾಡುತ್ತಿದ್ದ, ಸರ್ ದೇವಸ್ಥಾನದಲ್ಲಿದ್ದರು, ಸರ್ ಒಮ್ಮೆ ನೋಡಿದ ಮೇಲೆ ತಾನು ಅನುಮಾನಿಸುವುದು ಏನು ಎಂದುಕೊಂಡು, ಕಾರ್ಡನ್ನು ಜೇಬಿಗೆ ಹಾಕಿ, ತನ್ನ ಹೆಸರು ಬರೆದು ಗಾಡಿ ಕಳಿಸಿದಳು. ಹಲಗೆಯ ಮೇಲೆ ಕುಳಿತಾಗ ಹಿತೇಶನಿಗೆ ಆ ಕಾರ್ಡು ತೋರಿಸಿದ್ದರೆ ಅವನು ನಿಲ್ಲುತ್ತಿದ್ದ. ಆದರೆ ತೋರಿಸಿದರೆ ಮೊದಲೇ ಕಂಡಿದ್ದೂ ಹೊರಬೀಳುತ್ತಿತ್ತು. ಗುರುಗಳು ಬರಿಗಾಲಲ್ಲಿ ಓಡಿಬರಲಿ ಎಂದು ಬಿಟ್ಟಳು. ರೈಲಿನಲ್ಲಿ ಸುಳ್ಳು ಹೇಳಿದಳು. ಅನಂತರದ ಮೂರು ವರ್ಷ ಅವರ ಪಕ್ಕದಲ್ಲಿ ನಿಂತು ಕೆಲಸ ಮಾಡಿದಳು, ದಿನವೂ ಹೇಳಬೇಕೆಂದುಕೊಂಡಳು, ಸಂಜೆ ಅದೇ ಬಾಗಿಲ ಬಳಿ ಅವರ ಎದುರು ನಿಂತು ಡೊಂಬಿವಲಿ ಬೇಗ ಬರಲಿ ಎಂದು ಹಂಬಲಿಸಿದಳು. ಕುಳಿತಲ್ಲಿ ಕೂರಲಾಗದ ಗುರುವಿಗೆ ಅಂಥದೇ ಶಿಷ್ಯೆ ಸಿಕ್ಕಳೆಂದು ರೇವಣಸಿದ್ದ ತಮಾಷೆ ಮಾಡುತ್ತಿದ್ದ.

ಕಳೆದ ತಿಂಗಳ ಕೊನೆಯ ದಿನ ಬಂಗೇರರು ಕಪಾಟಿನ ಬೀಗದ ಕೈಯನ್ನು, ಹಿಂದೊಮ್ಮೆ ಇನ್ನೊಂದು ಬೀಗದ ಕೈಯನ್ನು ಇಟ್ಟಂತೆಯೇ, ಪೂಜಿತಾಳ ಮೇಜಿನ ಮೇಲಿಟ್ಟು ಹೋದರು. ಇನ್ನೂರ ಹದಿನಾಲ್ಕು ರಟ್ಟುಗಳು ಅದರೊಳಗಿವೆ. ಪ್ರತಿಯೊಂದರ ಅಡಿಯಲ್ಲಿ ಒಂದು ಗೆರೆ, ಗೆರೆಯ ಮೇಲೆ ಒಂದು ಹೆಸರು. ಹಿತೇಶನ ಗಾಡಿಯದನ್ನು ಅವಳು ಕೊನೆಗೆ ತೆಗೆದಳು. ಅದರ ಮೇಲೆ ಅವರ ದುಂಡು ಅಕ್ಷರದಲ್ಲಿ ಹೀಗಿತ್ತು: “ಸವೆದ ಪ್ಯಾಡಿಗೆ ಅಳೆದದ್ದು. ತಪ್ಪು: ಚೆನ್ನಯ.” ಅದರ ಕೆಳಗೆ, ಸ್ಕೇಲು ಇಟ್ಟು ಎಳೆದ ಇನ್ನೊಂದು ಗೆರೆ. ಆ ಗೆರೆಯ ಮೇಲೆ ಏನೂ ಬರೆದಿರಲಿಲ್ಲ.

ಮೂರು ವರ್ಷ ಅವರು ಆ ಜಾಗವನ್ನು ಖಾಲಿ ಬಿಟ್ಟಿದ್ದರು. ಒಂದು ದಿನವೂ ಕೇಳಲಿಲ್ಲ, ಚುಚ್ಚಲಿಲ್ಲ, ಅವಳಿಗೆ ಕೊಡುವ ಕೆಲಸದಲ್ಲಿ ಒಂದು ನಟ್ಟನ್ನೂ ಕಡಿಮೆ ಮಾಡಲಿಲ್ಲ. ಕಪಾಟಿನ ಮುಂದೆ ನೆಲದ ಮೇಲೆ ಕುಳಿತು ಪೂಜಿತಾ ಅತ್ತಳು. ಬಳಿಕ ಅವರದೇ ಪೆನ್ಸಿಲಿನಿಂದ ಎರಡನೆಯ ಗೆರೆಯ ಮೇಲೆ ತನ್ನ ಹೆಸರು ಬರೆದು ರಟ್ಟನ್ನು ಮರಳಿ ಇಟ್ಟಳು.

ಬಂಗೇರರಿಗೂ ನಳಿನಾಕ್ಷಿಯಮ್ಮನವರಿಗೂ ದೀರ್ಘಾಯುಸ್ಸನ್ನೂ ಆರೋಗ್ಯವನ್ನೂ ಟಿಟ್ವಾಳಾದ ಗಣಪತಿ ಕರುಣಿಸಲಿ. ಪೇಡೆಯ ವಿಷಯವನ್ನು ಆತ ಮನಸ್ಸಿನಲ್ಲಿಟ್ಟುಕೊಳ್ಳದಿರಲಿ. ಮನೆಯಲ್ಲಿ ಕೂರಲಾಗದೆ ಅವರು ಪ್ರತಿ ಮಂಗಳವಾರ ರಬಾಳೆಗೆ ಬಂದೇ ಬರುತ್ತೇನೆಂದು ಹೇಳಿರುವ ಮಾತು ಇನ್ನೂ ಹತ್ತಾರು ವರ್ಷ ನಡೆಯಲಿ, ಬುತ್ತಿಯಲ್ಲಿ ಹಿಟ್ಟಿನ ಉಂಡೆ ತಪ್ಪದಿರಲಿ. ಠಾಣೆ ದಾಟಿದ ಮೇಲೆ ಅವರು ಕೇಳಿದ್ದ ಪ್ರಶ್ನೆಗೆ ಸರಿಯಾದ ಉತ್ತರವನ್ನು ಬಾಯಲ್ಲಿ ಹೇಳುವ ಧೈರ್ಯ ಶಿಷ್ಯೆಗೆ ಇನ್ನೂ ಬಂದಿಲ್ಲ. ಅವರು ಈ ಪುಟವನ್ನು ಮೂಗಿನ ಹತ್ತಿರ ಹಿಡಿದು ಓದುವಾಗ ಕಾಣಲಿ ಎಂದು ಅದನ್ನು ಇಲ್ಲಿ ಬರೆದಿದ್ದಾಳೆ.

ಕಂಡಿತ್ತು, ಸರ್. ಪೂಜಿತಾಳಿಗೆ ಕಂಡಿತ್ತು.